ಎದೆ ಮೇಲಿನ ಬಣ್ಣದ ಪಟ್ಟಿ ಓದೋದು ಹೇಗೆ? ಭೂಸೇನೆ, ನೌಕಾಪಡೆ, ವಾಯುಪಡೆಯ ಮೆಡಲ್ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋದಕ್ಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇವೆ.)

ಬಿಟಿಎಂ ಲೇಔಟ್‌ನ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. ಅವರ ತಾತ ವಾಯುಪಡೆಯಲ್ಲಿ ಟೆಕ್ನಿಷಿಯನ್ ಆಗಿದ್ದವರು, ಇಪ್ಪತ್ತು ವರ್ಷಕ್ಕೂ ಹೆಚ್ಚು ಸರ್ವೀಸ್. ಮನೆಗೆ ಬಂದ ನೆಂಟರೊಬ್ಬರು ಗೋಡೆ ಮೇಲಿನ ಫೋಟೊ ನೋಡಿ, "ಇಷ್ಟೊಂದು ಮೆಡಲ್ ಇದೆಯಲ್ಲ, ಒಂದೂ ಶೌರ್ಯದ್ದಲ್ವಾ?" ಅಂತ ಕೇಳಿಬಿಟ್ರಂತೆ. ತಾತ ನಕ್ಕು ಸುಮ್ಮನಾದ್ರು. ಮೊಮ್ಮಗಳಿಗೆ ಮಾತ್ರ ಆ ಮಾತು ಚುಚ್ಚಿದೆ. ಅವರ ಪ್ರಶ್ನೆ ಇಷ್ಟು: ಭೂಸೇನೆಯವರ ಹೆಸರೇ ಯಾವಾಗಲೂ ಕೇಳಿಬರುತ್ತಲ್ಲ, ನೌಕಾಪಡೆ, ವಾಯುಪಡೆಯವರಿಗೆ ಯಾಕೆ ಕಮ್ಮಿ? ಮೂರಕ್ಕೂ ರೂಲ್ಸೇ ಬೇರೆ ಬೇರೆನಾ?

ಒಳ್ಳೆ ಪ್ರಶ್ನೆ. ನಮ್ಮ ಜೆಪಿ ನಗರ, ಬನಶಂಕರಿ ಕಡೆ ಯಾವುದೇ ಅಪಾರ್ಟ್‌ಮೆಂಟ್ ಗೇಟಿಗೆ ಹೋಗಿ, ಅಲ್ಲಿ ನಿಂತಿರೋ ಗಾರ್ಡ್‌ಗಳಲ್ಲಿ ಮಾಜಿ ಸೈನಿಕರು ಸಿಗ್ತಾರೆ. ಅವರಲ್ಲಿ ಕೆಲವರ ಎದೆ ಮೇಲೆ ಬಣ್ಣದ ಪಟ್ಟಿ ಇರುತ್ತೆ. ದಿನಾ ನೋಡ್ತೀವಿ, ಆದ್ರೆ ಓದೋಕೆ ಬರಲ್ಲ. (ಕೆಲವು ಸೆಕ್ಯೂರಿಟಿ ಏಜೆನ್ಸಿಗಳ ಯೂನಿಫಾರ್ಮ್‌ನಲ್ಲೇ ಬರೀ ಅಲಂಕಾರಕ್ಕೆ ಅಂತ ಬಣ್ಣದ ಪಟ್ಟಿ ಹೊಲಿದಿರ್ತಾರೆ. ಅದು ಈ ಲೆಕ್ಕಕ್ಕೆ ಬರಲ್ಲ.)

ಮೊದಲು ಒಂದು ಸಣ್ಣ ವಿಷಯ. ಮೆಡಲ್ ಅಂದ್ರೆ ಲೋಹದ ಪದಕ. ರಿಬ್ಬನ್ ಅಂದ್ರೆ ಆ ಪದಕ ತೂಗುಹಾಕುವ ಬಟ್ಟೆ ಪಟ್ಟಿ. ಪೆರೇಡ್, ಸಮಾರಂಭದ ದಿನ ಪೂರ್ತಿ ಪದಕ ಹಾಕ್ತಾರೆ. ಬಾಕಿ ದಿನ ರಿಬ್ಬನ್ನಿನ ತುಂಡು ಮಾತ್ರ. ಅಂದ್ರೆ ನೀವು ದಿನನಿತ್ಯ ನೋಡುವ ಒಂದೊಂದು ಬಣ್ಣದ ತುಂಡಿನ ಹಿಂದೆಯೂ ಮನೆಯ ಬೀರುವಿನಲ್ಲಿ ಒಂದೊಂದು ಪದಕ ಇರುತ್ತೆ.

ಈಗ ರೂಲ್ಸ್. ಏಣಿಯ ಮೇಲಿನ ಮೆಟ್ಟಿಲುಗಳು ಮೂರೂ ಪಡೆಗಳಿಗೆ ಒಂದೇ. ಶತ್ರು ಎದುರಿಗಿದ್ದಾಗ ತೋರಿದ ಶೌರ್ಯಕ್ಕೆ ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಇವು 1950ರ ಜನವರಿ 26ರಂದು ಜಾರಿಗೆ ಬಂದವು, ಆದ್ರೆ ಲೆಕ್ಕ ಶುರುವಾಗೋದು 1947ರ ಆಗಸ್ಟ್ 15ರಿಂದ. ಹಾಗಾಗಿ 1947-48ರ ಕಾಶ್ಮೀರ ಯುದ್ಧದವರಿಗೂ ಸಿಕ್ಕಿತು. ಶತ್ರು ಸೈನ್ಯದ ಎದುರು ಅಲ್ಲದ ಶೌರ್ಯಕ್ಕೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ.

ಈ ಎರಡನೇ ಸಾಲನ್ನ ಜನ ಕೆಳಗಿನದು ಅಂದ್ಕೊಳ್ತಾರೆ. ತಪ್ಪು. ಮುಂಬೈ ದಾಳಿಯಲ್ಲಿ, 2008ರ ನವೆಂಬರ್ 28ರಂದು ತೀರಿಕೊಂಡ ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ ಯಾಕೆ ಪರಮವೀರ ಚಕ್ರ ಕೊಡಲಿಲ್ಲ ಅಂತ ಈಗಲೂ ಕೇಳೋರಿದ್ದಾರೆ. ಅವರು ಹೋರಾಡಿದ್ದು ಭಯೋತ್ಪಾದಕರ ಜೊತೆ, ಹೋಟೆಲಿನೊಳಗೆ. ಯುದ್ಧ ಘೋಷಣೆ ಆಗಿರಲಿಲ್ಲ. ಅದಕ್ಕೇ ಅಶೋಕ ಚಕ್ರ. 2007ರಲ್ಲಿ ಉರಿ ಪ್ರದೇಶದಲ್ಲಿ ಉಗ್ರರನ್ನ ತಡೆಯುತ್ತಾ ಪ್ರಾಣ ಕೊಟ್ಟ ಕರ್ನಲ್ ವಸಂತ್ ಅವರಿಗೂ ಅಶೋಕ ಚಕ್ರವೇ. ಗೌರವದ ಪಟ್ಟಿಯಲ್ಲಿ ಪರಮವೀರ ಚಕ್ರದ ಬೆನ್ನಿಗೇ ಇರೋದು ಅಶೋಕ ಚಕ್ರ. ಲೋಹ ನೋಡಿ ಮೋಸಹೋಗಬೇಡಿ ಮತ್ತೆ. ಅಶೋಕ ಚಕ್ರಕ್ಕೆ ಚಿನ್ನದ ಲೇಪ ಇದೆ, ಪರಮವೀರ ಚಕ್ರ ಬರೀ ಕಂಚು. ಒಲಿಂಪಿಕ್ಸ್ ಲೆಕ್ಕ ಇಲ್ಲಿ ನಡೆಯಲ್ಲ.

ಈ ಆರು ಚಕ್ರಗಳ ಕೆಳಗಿನ ಮೆಟ್ಟಿಲಲ್ಲಿ ದಾರಿ ಮೂರಾಗಿ ಒಡೆಯುತ್ತೆ. ಭೂಸೇನೆಗೆ ಸೇನಾ ಮೆಡಲ್, ನೌಕಾಪಡೆಗೆ ನೌಸೇನಾ ಮೆಡಲ್, ವಾಯುಪಡೆಗೆ ವಾಯುಸೇನಾ ಮೆಡಲ್. ಮೂರೂ ಶುರುವಾಗಿದ್ದು 1960ರಲ್ಲಿ, ಮೂರೂ ಬೆಳ್ಳಿ, ರೂಪ ಮಾತ್ರ ಬೇರೆ. ಸೇನಾ ಮೆಡಲ್ ದುಂಡಗೆ, ಮುಂದೆ ಮೇಲ್ಮುಖವಾಗಿ ನಿಂತ ಬಯೊನೆಟ್, ಹಿಂದೆ ಒಬ್ಬ ಜವಾನ. ರಿಬ್ಬನ್ ಕೆಂಪು, ನಡುವೆ ತೆಳು ಬಿಳಿ ಗೆರೆ. ನೌಸೇನಾ ಮೆಡಲ್‌ಗೆ ಐದು ಬದಿ, ಹಿಂದೆ ಅಡ್ಡಡ್ಡ ಇಟ್ಟ ಎರಡು ಲಂಗರು. ರಿಬ್ಬನ್ ಕಡುನೀಲಿ, ನಡುವೆ ಬಿಳಿ ಗೆರೆ. ವಾಯುಸೇನಾ ಮೆಡಲ್ ನಾಲ್ಕು ಮೂಲೆಯ ನಕ್ಷತ್ರ, ಮೂಲೆಗಳು ಕಮಲದ ಆಕಾರದಲ್ಲಿವೆ, ಹಿಂದೆ ಹಿಮಾಲಯದ ಗರುಡ. ಅದರ ರಿಬ್ಬನ್ ಗುರುತಿಸೋದು ಎಲ್ಲಕ್ಕಿಂತ ಸುಲಭ. ಬೂದು, ಕೇಸರಿ ಗೆರೆಗಳು ಓರೆಯಾಗಿ ಹೋಗ್ತವೆ.

ಇಲ್ಲೊಂದು ಗೊಂದಲ ಇದೆ, ನನಗೆ ಇಷ್ಟವಾಗದ್ದು. ಈ ಮೂರು ಮೆಡಲ್‌ಗಳನ್ನ ಶೌರ್ಯಕ್ಕೂ ಕೊಡ್ತಾರೆ, ಕರ್ತವ್ಯನಿಷ್ಠೆಗೂ ಕೊಡ್ತಾರೆ. ಎರಡಕ್ಕೂ ಒಂದೇ ರಿಬ್ಬನ್. ಗುಂಡಿನ ಮಳೆಯಲ್ಲಿ ನುಗ್ಗಿದವನ ಎದೆಯ ಪಟ್ಟಿಯೂ, ಕಚೇರಿ ಕೆಲಸವನ್ನ ಅಚ್ಚುಕಟ್ಟಾಗಿ ಮಾಡಿದವನ ಪಟ್ಟಿಯೂ ನೋಡೋಕೆ ಒಂದೇ. ಯಾವುದು ಯಾವುದಕ್ಕೆ ಅಂತ ತಿಳೀಬೇಕಾದ್ರೆ ಗೆಜೆಟ್ ತೆಗೆದೇ ನೋಡಬೇಕು.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ್ ನೆನಪಿದ್ದಾರಲ್ವಾ? 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತ. ಹತ್ತು ಜನ ಹೂತುಹೋದ್ರು. ಆರು ದಿನ ಆದಮೇಲೆ ಇವರೊಬ್ಬರು ಜೀವಂತ ಸಿಕ್ಕರು. ಇಡೀ ರಾಜ್ಯ ದೇವರಿಗೆ ಹರಕೆ ಹೊತ್ತಿತ್ತು. ಫೆಬ್ರವರಿ 11ಕ್ಕೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ್ರು. ಮರಣೋತ್ತರವಾಗಿ ಅವರಿಗೆ ಬಂದಿದ್ದು ಸೇನಾ ಮೆಡಲ್. ಚಕ್ರಗಳನ್ನ ರಾಷ್ಟ್ರಪತಿಗಳೇ ರಾಷ್ಟ್ರಪತಿ ಭವನದಲ್ಲಿ ಕೊಡೋದು, ಸೇನಾ ಮೆಡಲ್ ಕೊಡೋದು ಸೇನೆಯ ಮುಖ್ಯಸ್ಥರು ಅಥವಾ ಹಿರಿಯ ಕಮಾಂಡರ್‌ಗಳು, ತಮ್ಮ ಸಮಾರಂಭದಲ್ಲಿ. 2023ರ ಜನವರಿ 15ರ ಸೇನಾ ದಿನ ಮೊದಲ ಸಲ ದೆಹಲಿ ಬಿಟ್ಟು ಹೊರಗೆ ನಡೆದಿದ್ದು ನಮ್ಮೂರಲ್ಲೇ, ಎಂಇಜಿ ಸೆಂಟರ್‌ನ ಗೋವಿಂದಸ್ವಾಮಿ ಪೆರೇಡ್ ಮೈದಾನದಲ್ಲಿ.

ಈಗ ಅಸಲಿ ಪ್ರಶ್ನೆಗೆ ಬರೋಣ. ಇದುವರೆಗೆ ಪರಮವೀರ ಚಕ್ರ ಸಿಕ್ಕಿರೋದು 21 ಜನಕ್ಕೆ. ಅದರಲ್ಲಿ 20 ಭೂಸೇನೆ, 1 ವಾಯುಪಡೆ. ನೌಕಾಪಡೆಗೆ ಒಂದೂ ಇಲ್ಲ.

ಒಂದು ಕಾರಣ ಬರೀ ಸಂಖ್ಯೆ. ಭೂಸೇನೆಯಲ್ಲಿ ಹನ್ನೆರಡು ಲಕ್ಷದ ಆಸುಪಾಸು ಜನ ಇದ್ದಾರೆ. ವಾಯುಪಡೆ ಒಂದೂವರೆ ಲಕ್ಷದ ಹತ್ತಿರ, ನೌಕಾಪಡೆ ಒಂದು ಲಕ್ಷಕ್ಕಿಂತ ಕಮ್ಮಿ. ಯುದ್ಧ ಇಲ್ಲದ ವರ್ಷಗಳಲ್ಲೂ ಕಾಶ್ಮೀರದಲ್ಲಿ ಗುಂಡಿಗೆ ಎದೆ ಕೊಡೋದು ಹೆಚ್ಚಾಗಿ ಭೂಸೇನೆಯೇ. ಆದ್ರೆ ಇಷ್ಟೇ ಆಗಿದ್ರೆ ಈ ಸಂಚಿಕೆ ಇಲ್ಲಿಗೇ ಮುಗೀತಿತ್ತು. ಎರಡನೇ ಕಾರಣ ನನಗೆ ಹೆಚ್ಚು ಮುಖ್ಯ ಅನ್ಸುತ್ತೆ: ಸಾಕ್ಷಿ.

ಶೌರ್ಯ ಪ್ರಶಸ್ತಿ ಹುಟ್ಟೋದು ಕಾಗದದ ಮೇಲೆ. ಕಮಾಂಡಿಂಗ್ ಆಫೀಸರ್ ಶಿಫಾರಸು ಬರೀಬೇಕು. ಏನಾಯ್ತು, ಎಲ್ಲಿ, ಎಷ್ಟು ಹೊತ್ತಿಗೆ, ಯಾರು ನೋಡಿದ್ರು. ಆ ಕಾಗದ ಒಂದೊಂದೇ ಕಚೇರಿ ಹತ್ತಿ ಪಡೆಯ ಮುಖ್ಯ ಕಚೇರಿಗೆ, ಅಲ್ಲಿಂದ ರಕ್ಷಣಾ ಸಚಿವಾಲಯಕ್ಕೆ, ಕೊನೆಗೆ ರಾಷ್ಟ್ರಪತಿಗಳ ಮೇಜಿಗೆ. ಮೇಲೆ ಹೋದಂಗೆ ಕೆಳಗಿಳಿಸಬಹುದು, ತಿರಸ್ಕರಿಸಲೂಬಹುದು. ನೋಡಿದವರೇ ಇಲ್ಲದಿದ್ರೆ ಮೊದಲ ಸಾಲು ಬರೆಯೋದು ಹೇಗೆ?

ಭೂಸೇನೆಯಲ್ಲಿ ನೋಡೋರು ಇರ್ತಾರೆ. ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆ ಅವರನ್ನ ತಗೊಳ್ಳಿ, ಕಾರವಾರದ ಹತ್ತಿರದ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಟ್ಯಾಂಕ್‌ಗಳು ಹೋಗಬೇಕಿತ್ತು, ದಾರಿ ತುಂಬ ನೆಲಬಾಂಬು, ಅಡ್ಡ ಬಿದ್ದ ಮರಗಳು. ಬಾಂಬೆ ಎಂಜಿನಿಯರ್ಸ್‌ನ ರಾಣೆ ಮೂರು ನಾಲ್ಕು ದಿನ ಗುಂಡಿನ ನಡುವೆ ದಾರಿ ಬಿಡಿಸಿದ್ರು. ಒಂದು ಹಂತದಲ್ಲಿ ಟ್ಯಾಂಕಿನ ಕೆಳಗೆ ತೆವಳಿಕೊಂಡು, ಹಗ್ಗ ಎಳೆದು ಚಾಲಕನಿಗೆ ನಿಲ್ಲು, ಹೋಗು ಅಂತ ಸೂಚನೆ ಕೊಡ್ತಾ ಮುಂದೆ ಸಾಗಿದ್ರು. ಜೊತೆಗಿದ್ದವರೆಲ್ಲ ನೋಡಿದ್ರು. ಪರಮವೀರ ಚಕ್ರ ಬಂತು, ಬದುಕಿದ್ದಾಗಲೇ. ಇವರ ಪ್ರತಿಮೆ ಇರೋದು ಕಾರವಾರದ ಕಡಲತೀರದಲ್ಲಿ, ಐಎನ್‌ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ ಪಕ್ಕದಲ್ಲಿ. ನೌಕಾನೆಲೆಯ ಊರಲ್ಲಿ, ನೌಕೆಯ ಪಕ್ಕದಲ್ಲಿ, ಭೂಸೇನೆಯ ಪರಮವೀರ. ಗೋಕರ್ಣ ಟ್ರಿಪ್ ಹೊಡೆಯೋರು ಒಂದು ಗಂಟೆ ಮುಂದೆ ಹೋಗಿ ನೋಡ್ಕೊಂಡು ಬರಬಹುದು.

ವಾಯುಪಡೆಯಲ್ಲಿ ಹಾಗಲ್ಲ. ಫೈಟರ್ ಪೈಲಟ್ ಒಬ್ಬನೇ. ಅವನು ಏನು ಮಾಡಿದ ಅಂತ ಹೇಳಬೇಕಾದವನು ಅವನೇ, ಅವನೇ ವಾಪಸ್ ಬರದಿದ್ರೆ?

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 2025ರಲ್ಲಿ ಬಂದ ಸ್ಕೈ ಫೋರ್ಸ್ ಸಿನಿಮಾ ನೋಡಿದ್ರೆ ಕಥೆಯ ನೆರಳು ಸಿಕ್ಕಿರುತ್ತೆ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿ. ಒಂದನೇ ಸ್ಕ್ವಾಡ್ರನ್‌ನ ಹನ್ನೆರಡು ಮಿಸ್ಟೇರ್ ವಿಮಾನ ಹೋಗಬೇಕು, ದೇವಯ್ಯ ಮೀಸಲು. ಯಾವುದಾದ್ರೂ ವಿಮಾನ ಕೈಕೊಟ್ರೆ ಮಾತ್ರ ಇವರ ಸರದಿ. ಅಂಥದ್ದರಲ್ಲಿ ಹಾರಿದ್ರು. ಅಲ್ಲಿ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಎದುರಾಯ್ತು, ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ಅದರ ಮುಂದೆ ಹಳೇ ಸ್ಕೂಟರ್ ಇದ್ದಂಗೆ. ಬಾಕಿಯವರು ತಿರುಗಿ ಬಂದ್ರು, ದೇವಯ್ಯ ಬರಲಿಲ್ಲ. ದಾಖಲೆಯಲ್ಲಿ ಬರೆದಿದ್ದು ಒಂದೇ ಪದ: ನಾಪತ್ತೆ.

ಹದಿನಾಲ್ಕು ವರ್ಷ ಅಷ್ಟೇ. 1979ರಲ್ಲಿ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕ ಪಾಕಿಸ್ತಾನ ವಾಯುಪಡೆ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ಗೊತ್ತಾಯ್ತು, ಆ ದಿನ ಸ್ಟಾರ್‌ಫೈಟರ್ ಓಡಿಸ್ತಿದ್ದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಒಂದು ಮಿಸ್ಟೇರ್‌ಗೆ ಹೊಡೆದಿದ್ದ, ಏಟು ತಿಂದ ಆ ಮಿಸ್ಟೇರ್ ಓಡಿಹೋಗದೆ ತಿರುಗಿಬಿದ್ದು ಸ್ಟಾರ್‌ಫೈಟರನ್ನೇ ಉರುಳಿಸಿತ್ತು. ಅಮ್ಜದ್ ಪ್ಯಾರಾಶೂಟಿನಲ್ಲಿ ಹಾರಿ ಬದುಕಿಕೊಂಡ. ಹಾಗಾದ್ರೆ ಆ ಮಿಸ್ಟೇರ್ ಯಾರದ್ದು? ವಾಪಸ್ ಬರದೇ ಇದ್ದದ್ದು ದೇವಯ್ಯ ಒಬ್ಬರೇ. ಆ ದಿನ ದಾಳಿಯ ನಾಯಕತ್ವ ವಹಿಸಿದ್ದ ಅಧಿಕಾರಿ ಓ.ಪಿ. ತನೇಜಾ ವಿಷಯ ಕೈಗೆತ್ತಿಕೊಂಡ್ರು. ಕೊನೆಗೆ 1988ರಲ್ಲಿ ಮಹಾವೀರ ಚಕ್ರ. ಪತ್ನಿ ಸುಂದರಿ ದೇವಯ್ಯ ಸ್ವೀಕರಿಸಿದ್ರು.

ಇಪ್ಪತ್ತಮೂರು ವರ್ಷ. ಸಾಕ್ಷಿ ಹೇಳಿದ್ದು ಎದುರಾಳಿ. ಆ ಪೈಲಟ್ ಬದುಕಿರದಿದ್ರೆ, ಆ ಪುಸ್ತಕ ಬರದಿದ್ರೆ, ಇವತ್ತೂ 'ನಾಪತ್ತೆ' ಅನ್ನೋ ಪದವೇ ಉಳೀತಿತ್ತು. ವಾಯುಪಡೆಯ ಒಂದೇ ಒಂದು ಪರಮವೀರ ಚಕ್ರವನ್ನ ಇದರ ಪಕ್ಕ ಇಟ್ಟು ನೋಡಿ. ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್, 1971ರ ಡಿಸೆಂಬರ್ 14. ಆರು ಸೇಬರ್ ಜೆಟ್‌ಗಳನ್ನ ಎದುರಿಸಿದ್ದು ಪುಟ್ಟ ನ್ಯಾಟ್ ವಿಮಾನದಲ್ಲಿ. ನಮ್ಮ ಎಚ್‌ಎಎಲ್‌ನಲ್ಲಿ ತಯಾರಾಗ್ತಿದ್ದ ಮಾದರಿ ಅದು. ಆದ್ರೆ ಆ ಕಾಳಗ ನಡೆದಿದ್ದು ಶ್ರೀನಗರ ವಾಯುನೆಲೆಯ ಮೇಲೇ, ಕೆಳಗಿನಿಂದ ನಮ್ಮವರೇ ನೋಡ್ತಿದ್ರು.

ಇನ್ನು ನೌಕಾಪಡೆ. ಅಲ್ಲಿ ಸಮಸ್ಯೆ ಉಲ್ಟಾ. ಒಂದು ಹಡಗು ಅಂದ್ರೆ ನೂರಾರು ಜನ ಒಟ್ಟಿಗೆ ಮಾಡೋ ಕೆಲಸ. ಕ್ಷಿಪಣಿ ಹಾರಿಸಿದವನು, ರಾಡಾರ್ ನೋಡಿದವನು, ಎಂಜಿನ್ ರೂಮಿನ ಸೆಖೆಯಲ್ಲಿ ಬೆಂದವನು, ಇವರಲ್ಲಿ ಗೆಲುವು ಯಾರದ್ದು? ಹೆಸರು ಬರೋದು ಹೆಚ್ಚಾಗಿ ಕಮಾಂಡ್ ಮಾಡಿದವರದ್ದು. 1971ರಲ್ಲಿ ಕರಾಚಿ ದಾಳಿ ನಡೆಸಿದ ಕಮಾಂಡರ್ ಬಬ್ರು ಭಾನ್ ಯಾದವ್ ಅವರಿಗೆ ಮಹಾವೀರ ಚಕ್ರ. ಅದೇ ಯುದ್ಧದಲ್ಲಿ ಡಿಸೆಂಬರ್ 9ಕ್ಕೆ ಮುಳುಗಿದ ಐಎನ್‌ಎಸ್ ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರಿಗೆ ಮಹಾವೀರ ಚಕ್ರ. ಹಡಗು ಬಿಟ್ಟು ಬರಲಿಲ್ಲ ಅವರು. ಅವರ ಜೊತೆ ಹೋದವರನ್ನೂ ಸೇರಿಸಿದ್ರೆ 18 ಅಧಿಕಾರಿಗಳು, 176 ನಾವಿಕರು. ನಮಗೆ ಗೊತ್ತಿರೋ ಹೆಸರು ಒಂದು.

ಶಾಂತಿಕಾಲದಲ್ಲಿ ನೌಕಾಪಡೆ ಶೌರ್ಯವನ್ನ ಹುಡುಕೋ ಜಾಗವೇ ಬೇರೆ. ಕಮಾಂಡರ್ ದಿಲೀಪ್ ದೋಂದೆ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದಿದ್ದಕ್ಕೆ ಶೌರ್ಯ ಚಕ್ರ ಬಂತು. ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿ ಬಂದಿದ್ದಕ್ಕೆ ಕೀರ್ತಿ ಚಕ್ರ. ವಾಯುಪಡೆಗೆ ಆ ಜಾಗ ಟೆಸ್ಟ್ ಫ್ಲೈಟು, ಕೆಟ್ಟು ಹೋಗ್ತಿರೋ ವಿಮಾನ, ಬಾಹ್ಯಾಕಾಶ. ರಾಕೇಶ್ ಶರ್ಮಾ ಅವರಿಗೆ ಅಶೋಕ ಚಕ್ರ ಬಂದಿದ್ದು 1984ರ ಗಗನಯಾನಕ್ಕೆ. 2020ರಲ್ಲಿ ತೇಜಸ್ ವಿಮಾನ ಆಕಾಶದಲ್ಲೇ ಹದ್ದು ಮೀರಿದಾಗ ಹಾರಿಕೊಂಡು ಜೀವ ಉಳಿಸಿಕೊಳ್ಳುವ ಅವಕಾಶ ಇದ್ದರೂ ಅದನ್ನ ಇಳಿಸಿ ತಂದ ವರುಣ್ ಸಿಂಗ್ ಅವರಿಗೆ 2021ರಲ್ಲಿ ಶೌರ್ಯ ಚಕ್ರ. ಅದೇ ವರ್ಷ ಡಿಸೆಂಬರ್‌ನಲ್ಲಿ ಕೂನೂರಿನ ಹೆಲಿಕಾಪ್ಟರ್ ಅಪಘಾತದಲ್ಲಿ ಸುಟ್ಟ ಗಾಯಗಳಾಗಿ, ಒಂದು ವಾರ ಹೋರಾಡಿ ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೇ ಕೊನೆಯುಸಿರೆಳೆದ್ರು.

ಇದರಲ್ಲಿ ಟೆಕ್ನಿಷಿಯನ್ ತಾತ ಎಲ್ಲಿ ಬಂದ್ರು? ಭೂಸೇನೆಯಲ್ಲಿ ಜವಾನನೂ ಅಧಿಕಾರಿಯೂ ಒಂದೇ ಬೆಟ್ಟ ಹತ್ತುತ್ತಾರೆ. ಕಾರ್ಗಿಲ್‌ನ ಪರಮವೀರ ಚಕ್ರಗಳಲ್ಲಿ ಎರಡು ರೈಫಲ್‌ಮನ್ ಸಂಜಯ್ ಕುಮಾರ್, ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಅವರದ್ದು. ವಾಯುಪಡೆಯಲ್ಲಿ ಯುದ್ಧವಿಮಾನ ಹಾರಿಸೋದು ಅಧಿಕಾರಿಗಳು. ವಿಮಾನ ಹಾರೋ ಸ್ಥಿತಿಯಲ್ಲಿಡೋರು ಏರ್‌ಮನ್‌ಗಳು, ನೆಲದ ಮೇಲೆ. ಅವರಿಗೆ ಶೌರ್ಯ ಪ್ರಶಸ್ತಿಯ ಅವಕಾಶವೇ ತೀರಾ ಕಮ್ಮಿ. ಕಾರ್ಪೊರಲ್ ಜ್ಯೋತಿಪ್ರಕಾಶ್ ನಿರಾಲಾ ಅವರಿಗೆ ಮರಣೋತ್ತರ ಅಶೋಕ ಚಕ್ರ ಬಂತು, ನಿಜ. ಆದ್ರೆ ಅವರು ಗರುಡ್ ಕಮಾಂಡೊ, 2017ರಲ್ಲಿ ಕಾಶ್ಮೀರದ ಬಂಡಿಪೋರಾದಲ್ಲಿ ಭೂಸೇನೆಯ ಜೊತೆ ನೆಲದ ಮೇಲೆ ಹೋರಾಡಿದವರು. ಹಾಗಾಗಿ ನೆಂಟರು ಕೇಳಿದ್ದಕ್ಕೆ ನನ್ನ ಉತ್ತರ: ತಾತನ ಕೆಲಸಕ್ಕೆ ಆ ಸಾಲಿನಲ್ಲಿ ಖಾನೆಯೇ ಇರಲಿಲ್ಲ.

ಬೇರೆ ಖಾನೆ ಇತ್ತು, ಅದನ್ನ ಓದಿ. ಸರ್ವೀಸಿಗೆ 9 ವರ್ಷ, 20 ವರ್ಷ, 30 ವರ್ಷ ಆದಾಗ ಒಂದೊಂದು ಪದಕ. ಸ್ವಾತಂತ್ರ್ಯದ 25ನೇ, 50ನೇ, 75ನೇ ವರ್ಷದಲ್ಲಿ ಸೇವೆಯಲ್ಲಿದ್ದವರಿಗೆ ಒಂದೊಂದು. ಈ ರಿಬ್ಬನ್ ಕಂಡ್ರೆ ಆ ವರ್ಷ ಅವರು ಸಮವಸ್ತ್ರದಲ್ಲಿದ್ರು ಅಂತ ಖಾತ್ರಿ. ಕಠಿಣ ಪ್ರದೇಶದಲ್ಲಿ ಇದ್ದವರಿಗೆ ಸೈನ್ಯ ಸೇವಾ ಮೆಡಲ್, ಅದರ ಮೇಲೆ ಪ್ರದೇಶದ ಹೆಸರಿನ ಪುಟ್ಟ ಪಟ್ಟಿ. 2001-02ರಲ್ಲಿ ಗಡಿಗೆ ಸೇನೆ ಜಮಾಯಿಸಿದಾಗ ಇದ್ದವರಿಗೆ ಆಪರೇಷನ್ ಪರಾಕ್ರಮ್ ಮೆಡಲ್. ಕಾರ್ಗಿಲ್‌ಗೆ ಎರಡು ಬಗೆ: ಕಾಳಗದ ಪ್ರದೇಶದಲ್ಲೇ ಇದ್ದವರಿಗೆ ಆಪರೇಷನ್ ವಿಜಯ್ ಸ್ಟಾರ್, ಅದಕ್ಕಾಗಿ ಸಜ್ಜಾಗಿದ್ದವರಿಗೆ ಆಪರೇಷನ್ ವಿಜಯ್ ಮೆಡಲ್. ಸಿಯಾಚಿನ್‌ಗೆ ಬೇರೆ, ಎತ್ತರದ ಪ್ರದೇಶಕ್ಕೆ ಬೇರೆ, ಗಾಯಗೊಂಡವರಿಗೆ ಬೇರೆ. ಎಲ್ಲಿ ಇದ್ರು, ಯಾವ ವರ್ಷ ಇದ್ರು, ಎಷ್ಟು ಕಾಲ ಇದ್ರು, ಎಲ್ಲ ಅಲ್ಲೇ ಇದೆ. ಲಿಂಕ್ಡ್‌ಇನ್ ಪ್ರೊಫೈಲ್ ಇದ್ದಂಗೆ, ಸುಳ್ಳು ಹೇಳೋಕೆ ಆಗಲ್ಲ ಅನ್ನೋದೊಂದೇ ವ್ಯತ್ಯಾಸ.

ಇನ್ನೊಂದು ಸುಲಭದ ಸೂತ್ರ: ಗೆರೆ ಕಮ್ಮಿ ಇದ್ದಷ್ಟೂ ದೊಡ್ಡದು. ಹಸಿರು ರಿಬ್ಬನ್ ಮೇಲೆ ಒಂದು ಕೇಸರಿ ಗೆರೆ ಇದ್ರೆ ಅಶೋಕ ಚಕ್ರ, ಎರಡಿದ್ರೆ ಕೀರ್ತಿ, ಮೂರಿದ್ರೆ ಶೌರ್ಯ. ಚಿನ್ನದ ಬಣ್ಣದ ಮೇಲೆ ಒಂದು ನೀಲಿ ಗೆರೆ ಪರಮ ವಿಶಿಷ್ಟ ಸೇವಾ, ಎರಡು ಅತಿ ವಿಶಿಷ್ಟ, ಮೂರು ವಿಶಿಷ್ಟ. ಯುದ್ಧಕಾಲದ ಚಕ್ರಗಳಿಗೆ ಈ ಸೂತ್ರ ಹಿಡಿಸಲ್ಲ. ಪರಮವೀರ ಪೂರ್ತಿ ನೇರಳೆ, ಮಹಾವೀರ ಅರ್ಧ ಬಿಳಿ ಅರ್ಧ ಕೇಸರಿ, ವೀರ ಚಕ್ರ ಅರ್ಧ ನೀಲಿ ಅರ್ಧ ಕೇಸರಿ.

ವಿಶಿಷ್ಟ ಸೇವಾ ಸಾಲಿನ ಬಗ್ಗೆ ಒಂದು ತಕರಾರು. ಪರಮ ವಿಶಿಷ್ಟ ಸೇವಾ ಮೆಡಲ್ ಸಾಮಾನ್ಯವಾಗಿ ಸಿಗೋದು ಅತಿ ಹಿರಿಯ ಅಧಿಕಾರಿಗಳಿಗೆ, ಸೇವೆಗೆ. ಸರ್ಕಾರದ ಅಧಿಕೃತ ಅನುಕ್ರಮದಲ್ಲಿ ಅದು ಮಹಾವೀರ ಚಕ್ರಕ್ಕಿಂತ ಮೇಲಿದೆ. ಅಂದ್ರೆ ಪಟ್ಟಿಯ ಲೆಕ್ಕದಲ್ಲಿ ದೇವಯ್ಯ ಅವರ ಪದಕ, ಜನರಲ್ ಒಬ್ಬರ ಸೇವಾ ಪದಕದ ನಂತರ. ನನಗಂತೂ ಇದು ಸರಿ ಕಾಣಲ್ಲ.

ಅಮೆರಿಕದಲ್ಲಿ ಹೇಗೆ ಅಂತ ಕೇಳಿದ್ರೆ, ಅಲ್ಲಿ ಪಡೆಗಳ ನಡುವಿನ ಅಂತರ ಇನ್ನೂ ಜೋರು. ಅವರ ಅತ್ಯುನ್ನತ ಮೆಡಲ್ ಆಫ್ ಆನರ್‌ಗೇ ಮೂರು ವಿನ್ಯಾಸ ಇದೆ. ಅಲ್ಲಿನ ವಾಯುಪಡೆ ಆರಂಭದ ತರಬೇತಿ ಮುಗಿಸಿದ್ದಕ್ಕೇ ಒಂದು ರಿಬ್ಬನ್ ಕೊಡುತ್ತೆ. ಮರೀನ್ ಕೋರ್‌ನಲ್ಲಿ ಅಂಥದ್ದಿಲ್ಲ, ಅವರು ಈ ವಿಷಯದಲ್ಲಿ ಜಿಪುಣರು ಅಂತಲೇ ಹೆಸರುವಾಸಿ. ನಮ್ಮಲ್ಲಿ ಮೇಲಿನ ಚಕ್ರಗಳಿಗೆ ಒಂದೇ ರೂಪ ಇಟ್ಟಿರೋದು ಒಳ್ಳೇದೇ ಆಯ್ತು.

ದುಡ್ಡಿನ ವಿಷಯ ಬೇಗ ಹೇಳಿಬಿಡ್ತೀನಿ. 2017ರಲ್ಲಿ ಭತ್ಯೆ ದುಪ್ಪಟ್ಟಾಯ್ತು. ತಿಂಗಳಿಗೆ ಪರಮವೀರ ಚಕ್ರಕ್ಕೆ 20,000 ರೂಪಾಯಿ, ಅಶೋಕ ಚಕ್ರಕ್ಕೆ 12,000, ಮಹಾವೀರಕ್ಕೆ 10,000, ಕೀರ್ತಿಗೆ 9,000, ವೀರ ಚಕ್ರಕ್ಕೆ 7,000, ಶೌರ್ಯಕ್ಕೆ 6,000. ಶೌರ್ಯಕ್ಕೆ ಕೊಟ್ಟ ಸೇನಾ, ನೌಸೇನಾ, ವಾಯುಸೇನಾ ಮೆಡಲ್‌ಗಳಿಗೆ 2,000. ಅದೇ ವರ್ಷ ನವೆಂಬರ್‌ನಲ್ಲಿ ಇನ್ನೊಂದು ನಿಯಮ ಹೋಯ್ತು. ಅದುವರೆಗೆ ವೀರನ ವಿಧವೆ ಮರುಮದುವೆಯಾದ್ರೆ ಭತ್ಯೆ ನಿಲ್ತಿತ್ತು, ತೀರಿಕೊಂಡ ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದ್ರೆ ಮಾತ್ರ ಮುಂದುವರೀತಿತ್ತು. 2017ರವರೆಗೆ, ಹೌದು. ಈಗ ಆ ಷರತ್ತಿಲ್ಲ, ಯಾರನ್ನ ಮದುವೆಯಾದ್ರೂ ಜೀವ ಇರುವವರೆಗೆ ಸಿಗುತ್ತೆ.

ಕೊನೆಯದಾಗಿ, ಪದಕ ಹಾಕೋ ಜಾಗ. ಗಳಿಸಿದವರು ಎಡ ಎದೆ ಮೇಲೆ ಹಾಕ್ತಾರೆ. ತೀರಿಕೊಂಡವರ ಪದಕವನ್ನ ಅವರ ಹತ್ತಿರದವರು ಯುದ್ಧ ಸ್ಮಾರಕದಲ್ಲಿ ನಮನ ಸಲ್ಲಿಸುವಾಗ, ಅಂತ್ಯಸಂಸ್ಕಾರದಲ್ಲಿ, ಬಲ ಎದೆ ಮೇಲೆ ಹಾಕಬಹುದು ಅಂತ ಸೇನೆ ಅನುಮತಿ ಕೊಟ್ಟಿದೆ. ಸೀರೆ ಉಟ್ಟ ಅಮ್ಮನೋ ಶರ್ಟ್ ಹಾಕಿದ ಹುಡುಗನೋ ಬಲಗಡೆ ಪದಕ ಧರಿಸಿ ನಿಂತಿದ್ರೆ ಅದರ ಅರ್ಥ ಅದು.

ನಿಮ್ಮ ಮನೆಯಲ್ಲೂ ಗುರುತು ಸಿಗದ ರಿಬ್ಬನ್ ಇದ್ರೆ ಫೋಟೊ ತೆಗೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದಿಷ್ಟನ್ನ ಒಟ್ಟಿಗೆ ಓದೋಣ.